ಬೋಧಿಚಿತ್ತದ ಮಣಿ, ಮುಳ್ಳುತಂತಿಯ ಬೇಲಿ



ಟಿಬೆಟನ್ ಬೌದ್ಧರ ಜಪಮಾಲೆಯಲ್ಲಿ 108 ಮಣಿಗಳಿರುತ್ತವೆ. ಆದರೆ ಒಂದು ಸುತ್ತು ಮುಗಿದಾಗ ಲೆಕ್ಕಕ್ಕೆ ಹಿಡಿಯುವುದು 100 ಜಪಗಳನ್ನು ಮಾತ್ರ. ಉಳಿದ ಎಂಟು, ನಡುವೆ ಮನಸ್ಸು ಎತ್ತಲೋ ಹೋದದ್ದಕ್ಕೆ, ಬೆರಳು ಮಣಿಯೊಂದನ್ನು ದಾಟಿಸಿದ್ದಕ್ಕೆ ಬಿಟ್ಟ ಸೋಡಿ. ಮನುಷ್ಯರ ಏಕಾಗ್ರತೆ ಅಪೂರ್ಣವೆಂದು ಮೊದಲೇ ಒಪ್ಪಿಕೊಂಡ ಉಪಕರಣವಿದು. ಎಣಿಕೆಯನ್ನು ಹೆಬ್ಬೆರಳಿಗೆ ವಹಿಸಿ ಮನಸ್ಸಿಗೆ ಬಿಡುವು ಕೊಡುವುದು ಇದರ ಉಪಾಯ. ಸುತ್ತುಗಳ ಲೆಕ್ಕಕ್ಕೆ ಹತ್ತು ಹತ್ತು ಕಿರುಮಣಿಗಳ ಎಳೆಗಳು ಪಕ್ಕದಲ್ಲಿ ಜೋತಿರುತ್ತವೆ. ಲಕ್ಷ ಜಪದ ಸಂಕಲ್ಪ ತೊಟ್ಟವರಿಗೆ ಅವಿಲ್ಲದೆ ಸಾಗದು. ಬೈಲಕುಪ್ಪೆಯಲ್ಲಿ ಓಡಾಡಿದ ಕನ್ನಡಿಗರು ಟಿಬೆಟನ್ ಹಿರಿಯರ ಕೈಯಲ್ಲಿ ಇಂಥ ಮಾಲೆಗಳನ್ನು ಕಂಡಿರುತ್ತಾರೆ.

ಪ್ರಗತಿಪರ ವಲಯಗಳಲ್ಲಿ ಜಪಮಾಲೆಯೆಂದರೆ ಮೌಢ್ಯದ ಗುರುತೆಂಬ ಸಸಾರವಿದೆ. ಧ್ಯಾನವನ್ನು ಆರೋಗ್ಯದ ಹವ್ಯಾಸವಾಗಿಸಿಕೊಂಡ ನಗರಗಳಲ್ಲಿ ಅದು ಮುಂಗೈಯ ಒಡವೆ. ಮಣಿಯನ್ನು ಮಾಡಿದ ಕೈಗಳ ವಿಚಾರ ಎರಡೂ ಕಡೆ ಏಳುವುದಿಲ್ಲ.

ಮಾಲೆಗೆ ಬಳಸುವ ಬೀಜಗಳಲ್ಲಿ ಅತಿ ದುಬಾರಿಯಾದವುಗಳ ಪೈಕಿ ಬೋಧಿಚಿತ್ತವೂ ಒಂದು. ಅದು ಬುದ್ಧನಿಗೆ ಜ್ಞಾನೋದಯವಾದ ಅರಳಿಯ ಬೀಜವೆಂದು ಹಲವರ ನಂಬಿಕೆ. ಅರಳಿಯ ಬೀಜವಾದರೋ ಸಾಸಿವೆಗಿಂತ ಚಿಕ್ಕದು, ಪೋಣಿಸುವುದು ಹೇಗೆ! ಇದು ಕನ್ನಡನಾಡಿನ ಎಲಚಿಯ ಕುಲಕ್ಕೆ ಸೇರಿದ ಮರ. ಕಾಠ್ಮಂಡುವಿನ ಪೂರ್ವಕ್ಕಿರುವ ಕಾವ್ರೆಪಲಾಂಚೋಕ್ ಜಿಲ್ಲೆಯ ತೆಮಾಲ್ ಸೀಮೆ ಅದರ ತವರು. ಹಣ್ಣಿನ ತಿರುಳು ಬಿಡಿಸಿ, ಬೀಜ ಒಣಗಿಸಿ, ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ, ತೂತು ಕೊರೆದು, ಒಂದೇ ಅಳತೆಯ 108ನ್ನು ಆಯ್ದು ಗುರುಮಣಿಯೊಡನೆ ಪೋಣಿಸಬೇಕು. ಬಳಸಿದಂತೆಲ್ಲ ಕೈಯ ಜಿಡ್ಡು ಹೀರಿ ಮಣಿಯ ಬಣ್ಣ ಗಾಢವಾಗುತ್ತದೆ.

ಮಣಿ ಕಿರಿದಾದಷ್ಟೂ ಬೆಲೆ ಹೆಚ್ಚು. ಚೀನಾದ ವ್ಯಾಪಾರಿಗಳ ಬೇಡಿಕೆ ಏರಿದ ಮೇಲೆ ಒಳ್ಳೆಯ ಮಾಲೆಯೊಂದು ಲಕ್ಷಗಟ್ಟಲೆ ನೇಪಾಳಿ ರೂಪಾಯಿಗೆ ಬಿಕರಿಯಾಗತೊಡಗಿತು. ಜೊತೆಗೇ ಕಳವು ಬಂತು, ಹೊಡೆದಾಟ ಬಂತು. ಮರಗಳ ಸುತ್ತ ಮುಳ್ಳುತಂತಿ, ಕ್ಯಾಮೆರಾ, ರಾತ್ರಿಯ ಕಾವಲು ಬಂದವು. ಬೋಧಿಚಿತ್ತವೆಂದರೆ ಸಕಲ ಜೀವಿಗಳ ಬಿಡುಗಡೆಗಾಗಿ ತಾನು ಎಚ್ಚರಗೊಳ್ಳಬೇಕೆಂಬ ಸಂಕಲ್ಪ.

ಪವಿತ್ರವಾದುದನ್ನು ಮಾರುಕಟ್ಟೆ ಕೆಡಿಸಿತೆಂದು ಇಲ್ಲಿ ನಿಟ್ಟುಸಿರಿಡುವುದು ಸುಲಭ. ಆದರೆ ತೆಮಾಲ್ ತಾಮಾಂಗ್ ಸಮುದಾಯದ ನೆಲ. 1854ರ ಮುಲುಕಿ ಐನ್ ಎಂಬ ನೇಪಾಳದ ಕಾನೂನು ಸಂಹಿತೆ ಪ್ರಜೆಗಳನ್ನು ಜಾತಿಯ ಶ್ರೇಣಿಗಳಲ್ಲಿ ಕೂರಿಸಿದಾಗ, ಈ ಬೌದ್ಧ ಸಮುದಾಯವನ್ನು ಗುಲಾಮರನ್ನಾಗಿಸಬಹುದಾದ ವರ್ಗಕ್ಕೆ ತಳ್ಳಿತು. ರಾಣಾ ಆಳ್ವಿಕೆಯ ಉದ್ದಕ್ಕೂ ರಾಜಧಾನಿಯ ಸುತ್ತಲಿನ ತಾಮಾಂಗರು ಬಿಟ್ಟಿ ದುಡಿದರು. ಅಂಥವರ ಹಿತ್ತಿಲಿನ ಮರಕ್ಕೆ ಕಡೆಗೂ ಬೆಲೆ ಬಂದಾಗ ನಿರ್ಲೋಭವನ್ನು ಬೋಧಿಸುವ ಹಕ್ಕು ಯಾರಿಗಿದೆ? ಹೊಟ್ಟೆ ತುಂಬಿದವರ ವೈರಾಗ್ಯ ಅದು.

ಕೇಳಬೇಕಾದ ಪ್ರಶ್ನೆ ಲೆಕ್ಕಕ್ಕೆ ಸಂಬಂಧಿಸಿದ್ದು. ಕಾಯಿ ಮರದಲ್ಲಿರುವಾಗಲೇ ಫಸಲನ್ನು ಗುತ್ತಿಗೆ ಹಿಡಿಯುವ ಪದ್ಧತಿ ಅಲ್ಲಿದೆ. ಯಾವ ಬೀಜ ಎಷ್ಟು ಕಿರಿದು, ಎಷ್ಟು ನುಣುಪು ಎಂಬುದು ತಿಳಿಯುವುದು ತಿರುಳು ಬಿಡಿಸಿದ ಮೇಲೆ. ಅಷ್ಟರಲ್ಲಿ ಮರದ ಒಡೆಯನ ಬೆಲೆ ತೀರ್ಮಾನವಾಗಿರುತ್ತದೆ. ವಿಂಗಡಣೆಯಲ್ಲಿ ಹೊರಬೀಳುವ ಲಾಭ ಗುತ್ತಿಗೆದಾರನದು. ಪರದೇಶದ ಅಂಗಡಿಯಲ್ಲಿ ಮಾಲೆಯ ಜೊತೆ ಪ್ರಮಾಣಪತ್ರ ಸಿಕ್ಕರೂ, ಅದು ಬೀಜ ಅಸಲಿಯೆಂದಷ್ಟೇ ಹೇಳುತ್ತದೆ. ಕಾಯಿ ಕಿತ್ತವರಿಗೆ, ತೂತು ಕೊರೆದವರಿಗೆ ಸಂದ ಕೂಲಿ ಎಷ್ಟೆಂದು ಹೇಳುವುದಿಲ್ಲ.