ಹೇಜಲ್ ಕಾರ್ಬಿ: ಕಪ್ಪು ಸ್ತ್ರೀವಾದದ ವಿಮರ್ಶಕಿ

ಹೇಜಲ್ ಕಾರ್ಬಿ 1948ರಲ್ಲಿ ಇಂಗ್ಲೆಂಡಿನ ಡೆವನ್‌ನಲ್ಲಿ ಹುಟ್ಟಿದರು. ತಂದೆ ಜಮೈಕಾದವರು, ತಾಯಿ ವೇಲ್ಸ್ ಮೂಲದವರು. ಬರ್ಮಿಂಗ್‌ಹ್ಯಾಮಿನ ಸಂಸ್ಕೃತಿ ಅಧ್ಯಯನ ಕೇಂದ್ರದಲ್ಲಿ ಸಂಶೋಧನೆ ನಡೆಸಿದ ಅವರು, 1982ರ ಪ್ರಬಂಧವೊಂದರಲ್ಲಿ ಬಿಳಿಯ ಸ್ತ್ರೀವಾದಿಗಳ ನಂಬಿಕೆಗಳನ್ನು ನೇರವಾಗಿ ಪ್ರಶ್ನಿಸಿದರು. ಕುಟುಂಬವೇ ಹೆಣ್ಣಿನ ದಮನದ ಮೂಲವೆಂಬ ಮಾತು ಎಲ್ಲರಿಗೂ ಒಂದೇ ತೆರನಾಗಿ ಅನ್ವಯಿಸದು. ಗುಲಾಮಗಿರಿ, ವಸಾಹತುಶಾಹಿ, ಜನಾಂಗದ್ವೇಷಗಳ ಎದುರು ಕಪ್ಪು ಕುಟುಂಬ ಪ್ರತಿರೋಧದ ನೆಲೆಯೂ ಆಗಿತ್ತು ಎಂಬುದು ಅವರ ವಾದ.

ಅವರ 1987ರ ಪುಸ್ತಕ ‘ರೀಕನ್‌ಸ್ಟ್ರಕ್ಟಿಂಗ್ ವುಮನ್‌ಹುಡ್’ ಆಫ್ರಿಕನ್ ಅಮೆರಿಕನ್ ಲೇಖಕಿಯರ ಕಾದಂಬರಿ ಪರಂಪರೆಯನ್ನು ಹೊಸದಾಗಿ ಓದಿತು. ಬೆಸ್ಸಿ ಸ್ಮಿತ್‌ರಂಥ ಬ್ಲೂಸ್ ಗಾಯಕಿಯರ ಹಾಡುಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಆಸೆ, ವಲಸೆ, ಸ್ವಾತಂತ್ರ್ಯಗಳ ದನಿಯನ್ನು ಅವರು ಗುರುತಿಸಿದರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಪಾಠ ಹೇಳಿದರು. 2019ರ ‘ಇಂಪೀರಿಯಲ್ ಇಂಟಿಮಸೀಸ್’ ಪುಸ್ತಕದಲ್ಲಿ ಸ್ವಂತ ವಂಶದ ಕಥೆಯ ಮೂಲಕ ಬ್ರಿಟನ್ ಮತ್ತು ಜಮೈಕಾಗಳ ಇತಿಹಾಸ ಬೇರೆಬೇರೆಯಲ್ಲ ಎಂದು ತೋರಿಸಿದರು.