ಶಾಲೆಯಲ್ಲಿ ಪೊಲೀಸರ ವರ್ತನೆ: ದೂರು ನೀಡುವ ಕ್ರಮ



ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಶಾಲೆಗಳಿಗೆ ಪೊಲೀಸರು ಅರಿವು ಮೂಡಿಸಲು ಬರುವುದು ಸ್ವಾಗತಾರ್ಹ. ಆದರೆ ಮಕ್ಕಳನ್ನು ವಿಚಾರಿಸಲು ಬಂದಾಗ ಪಾಲಿಸಬೇಕಾದ ನಿಯಮಗಳಿವೆ. ಅವುಗಳನ್ನು ಮೀರಿದರೆ ದೂರು ನೀಡಬಹುದು.

2020ರಲ್ಲಿ ಬೀದರ್‌ನ ಶಾಹೀನ್ ಶಾಲೆಯ ನಾಟಕವೊಂದರ ಸಂಬಂಧ ಪೊಲೀಸರು ಮಕ್ಕಳನ್ನು ಹಲವು ಬಾರಿ ವಿಚಾರಣೆಗೆ ಒಳಪಡಿಸಿದರು. ಸಮವಸ್ತ್ರದಲ್ಲಿ, ಕೆಲವರು ಶಸ್ತ್ರಸಹಿತರಾಗಿ ಮಕ್ಕಳೆದುರು ಇದ್ದುದನ್ನು ಛಾಯಾಚಿತ್ರಗಳಲ್ಲಿ ಗಮನಿಸಿದ ರಾಜ್ಯ ಉಚ್ಚ ನ್ಯಾಯಾಲಯವು, ಇದು ಮೇಲ್ನೋಟಕ್ಕೆ ಮಕ್ಕಳ ಹಕ್ಕುಗಳ ಗಂಭೀರ ಉಲ್ಲಂಘನೆ ಎಂದು 2021ರ ಆಗಸ್ಟ್‌ನಲ್ಲಿ ಅಭಿಪ್ರಾಯಪಟ್ಟಿತು. ಅಲ್ಲಿ ನೆರವಾದುದು ದಾಖಲೆ. ದಾಖಲೆಯಿಲ್ಲದ ದೂರು ಬಾಯಿಮಾತಾಗಿಯೇ ಉಳಿಯುತ್ತದೆ.

ಬಾಲನ್ಯಾಯ ಮಾದರಿ ನಿಯಮಗಳು, 2016ರ ನಿಯಮ 86ರ ಪ್ರಕಾರ ಮಕ್ಕಳೊಡನೆ ವ್ಯವಹರಿಸುವ ಪೊಲೀಸರು ಸಾಧ್ಯವಾದಷ್ಟು ಸಾದಾ ಉಡುಪಿನಲ್ಲಿರಬೇಕು. ಹೆಣ್ಣುಮಕ್ಕಳ ವಿಷಯದಲ್ಲಿ ಮಹಿಳಾ ಸಿಬ್ಬಂದಿ ಇರಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 179ರಂತೆ 15 ವರ್ಷದೊಳಗಿನ ಬಾಲಕನನ್ನಾಗಲಿ, ಮಹಿಳೆಯನ್ನಾಗಲಿ ಸಾಕ್ಷಿಯಾಗಿ ವಾಸಸ್ಥಳದಿಂದ ಬೇರೆಡೆಗೆ ಬರುವಂತೆ ಒತ್ತಾಯಿಸುವಂತಿಲ್ಲ.

ಇಂತಹ ಸಂದರ್ಭದಲ್ಲಿ ಪೋಷಕರು ಮೊದಲು ಬರುವುದು ಗ್ರಾಮ ಪಂಚಾಯಿತಿ ಸದಸ್ಯರ ಮನೆ ಬಾಗಿಲಿಗೆ. ಠಾಣೆಯೊಡನೆ ನಿತ್ಯ ವ್ಯವಹಾರವಿರುವ ಸದಸ್ಯರಿಗೆ ‘ಹೋಗಲಿ ಬಿಡಿ’ ಎಂದು ರಾಜಿ ಮಾಡಿಸುವುದು ಸುಲಭ. ಆದರೆ ಹಾಗೆ ಮಾಡಿದಲ್ಲಿ ಮಗುವಿಗೆ ನ್ಯಾಯದ ಬಾಗಿಲೇ ಮುಚ್ಚುತ್ತದೆ. ಆದುದರಿಂದ ದಿನಾಂಕ, ವೇಳೆ, ಬಂದವರ ಹೆಸರು ಅಥವಾ ಹುದ್ದೆ, ನಡೆದ ಸಂಗತಿ, ಹಾಜರಿದ್ದ ಶಿಕ್ಷಕರು ಇವಿಷ್ಟನ್ನು ಅಂದೇ ಬರೆಸಿಕೊಳ್ಳುವುದು ಸೂಕ್ತ. ಮಗುವನ್ನು ಪದೇ ಪದೇ ಪ್ರಶ್ನಿಸಬಾರದು.

ಲಿಖಿತ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಅದೇ ಠಾಣೆಯ ಸಿಬ್ಬಂದಿಯ ಮೇಲಿನ ದೂರು ಅಲ್ಲಿಗೇ ಸೀಮಿತವಾಗಬೇಕಿಲ್ಲ. ಸರ್ವೋಚ್ಚ ನ್ಯಾಯಾಲಯದ 2006ರ ಪ್ರಕಾಶ್ ಸಿಂಗ್ ತೀರ್ಪಿನ ಆಶಯದಂತೆ, ಗಂಭೀರ ದುರ್ವರ್ತನೆಯ ದೂರುಗಳಿಗಾಗಿ ಪೊಲೀಸ್ ದೂರು ಪ್ರಾಧಿಕಾರಗಳಿವೆ. ಮಕ್ಕಳ ಹಕ್ಕುಗಳ ಉಲ್ಲಂಘನೆಯನ್ನು ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಗಮನಕ್ಕೂ ತರಬಹುದು. ವಿಚಾರಣೆಯ ವೇಳೆ ಆಯೋಗಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರಗಳಿವೆ. ತುರ್ತು ನೆರವಿಗೆ ಮಕ್ಕಳ ಸಹಾಯವಾಣಿ 1098.

ಮಕ್ಕಳ ಗ್ರಾಮಸಭೆಯಲ್ಲಿ ಇಂತಹ ವಿಷಯ ಪ್ರಸ್ತಾಪವಾದರೆ ನಡವಳಿ ಪುಸ್ತಕದಲ್ಲಿ ಮಗುವಿನ ಹೆಸರು, ತರಗತಿ, ಮನೆತನ ದಾಖಲಾಗಬಾರದು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಚಿತ್ರ ಹರಿದಾಡಬಾರದು. ಸಂತ್ರಸ್ತ ಅಥವಾ ಸಾಕ್ಷಿಯಾದ ಮಗುವಿನ ಗುರುತನ್ನು ಬಹಿರಂಗಪಡಿಸುವುದು ಬಾಲನ್ಯಾಯ ಕಾಯ್ದೆಯ ಕಲಂ 74ರಡಿ ಶಿಕ್ಷಾರ್ಹ.

ದೂರು ನೀಡುವುದು ಪೊಲೀಸ್ ಇಲಾಖೆಯ ಮೇಲಿನ ಹಗೆತನವಲ್ಲ. ನಿಯಮದಂತೆ ನಡೆಯುವ ಅಧಿಕಾರಿಗೆ ಅದರಿಂದ ಭಯವಿಲ್ಲ. ಮರುದಿನ ಮಗು ಅಳುಕಿಲ್ಲದೆ ಶಾಲೆಗೆ ಬರುವಂತಾಗಬೇಕೆಂಬುದೇ ಅದರ ಉದ್ದೇಶ.