ಐವತ್ತರ ಮೇಲೊಂದು ಸೈಕಲ್ ಸವಾರಿ



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಇಂದು ಐವತ್ತು ದಾಟಿದ ಅನೇಕರು ಬಾಲ್ಯದಲ್ಲಿ ಗಂಟೆಗಿಷ್ಟೆಂದು ಬಾಡಿಗೆ ತೆತ್ತು ಸೈಕಲ್ ತಂದವರು. ಸೀಟು ಎಟುಕದೆ, ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ ತುಳಿದು ಕಲಿತವರು. ಬೈಕು ಬಂದ ಮೇಲೆ ಅರ್ಧ ಮೈಲಿಯಾಚೆಯ ತೋಟಕ್ಕೂ ಹಾಲಿನ ಡೈರಿಗೂ ಅದೇ ವಾಹನವಾಯಿತು. ಪೇಟೆಯವರದೆಂದು ಭಾವಿಸಿದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಹಳ್ಳಿಯ ಜಗಲಿಗೂ ಬಂದು ಕುಳಿತವು. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿತು.

ಈ ವಯಸ್ಸಿನಲ್ಲಿ ಮತ್ತೆ ತುಳಿದರೆ ಫಲವುಂಟೇ? ಡೆನ್ಮಾರ್ಕ್ ದೇಶದಲ್ಲಿ 50ರಿಂದ 65 ವಯಸ್ಸಿನ 50 ಸಾವಿರಕ್ಕೂ ಹೆಚ್ಚು ಜನರನ್ನು ಹಲವು ವರ್ಷ ಗಮನಿಸಿದ ಅಧ್ಯಯನದ ಫಲಿತಾಂಶ 2016ರಲ್ಲಿ ಹೊರಬಂದಿತು. ಆ ವಯಸ್ಸಿನಲ್ಲಿ ಹೊಸದಾಗಿ ಸೈಕಲ್ ರೂಢಿಸಿಕೊಂಡವರಲ್ಲಿ, ತುಳಿಯದೆ ಉಳಿದವರಿಗಿಂತ ಮಧುಮೇಹದ ಸಂಭವ ಶೇ. 20ರಷ್ಟು ಕಡಿಮೆಯಿತ್ತು. ಇದೆಲ್ಲವೂ ಸೈಕಲ್ಲೊಂದರ ಫಲವೆನ್ನಲಾಗದು. ಆದರೂ ತೊಡೆಯ ದೊಡ್ಡ ಸ್ನಾಯುಗಳು ದುಡಿಯುವಾಗ ರಕ್ತದಲ್ಲಿನ ಸಕ್ಕರೆಯನ್ನು ಬಳಸಿಕೊಳ್ಳುವುದು ನಿಶ್ಚಿತ. ದೇಹದ ಭಾರವನ್ನು ಸೀಟು ಹೊರುವುದರಿಂದ ಮಂಡಿಗೆ ಓಟದಷ್ಟು ಪೆಟ್ಟೂ ಇಲ್ಲ.

ವಾರಕ್ಕೆ ಕನಿಷ್ಠ 150 ನಿಮಿಷಗಳ ವ್ಯಾಯಾಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ತುಳಿದರೆ ಸಾಕು. ಮೊದಲ ವಾರ ಹತ್ತೇ ನಿಮಿಷ ಇರಲಿ. ಪೆಡಲ್ ಕೆಳಗಿಳಿದಾಗ ಮಂಡಿ ತುಸುವೇ ಬಾಗಿರುವಂತೆ ಸೀಟಿನ ಎತ್ತರವಿರಬೇಕು. ಹೃದ್ರೋಗ, ಮಧುಮೇಹ ಉಳ್ಳವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಸಕ್ಕರೆ ಕಾಯಿಲೆಗೆ ಔಷಧಿ ಪಡೆಯುವವರ ಜೇಬಿನಲ್ಲಿ ಬೆಲ್ಲದ ಚೂರಿರಲಿ. ಎದೆನೋವು, ತಲೆಸುತ್ತು ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು.

ನೆಲದ ಗುಣವನ್ನೂ ಅರಿಯಬೇಕು. ಹೊನ್ನಾಳಿಯ ಹೊಳೆದಂಡೆಯ ಸಮತಟ್ಟು ಕಲಿಯುವವರಿಗೆ ಅನುಕೂಲ. ನ್ಯಾಮತಿ, ಚನ್ನಗಿರಿಗಳ ಏರು ಸಿಕ್ಕಲ್ಲಿ ಇಳಿದು ತಳ್ಳುವುದು ಸೋಲಲ್ಲ, ಅದೂ ವ್ಯಾಯಾಮವೇ. ಬಯಲುಸೀಮೆಯ ಜಗಳೂರಿನಲ್ಲಿ ಬಿಸಿಲೇರುವ ಮುನ್ನವೇ ಮನೆ ಸೇರುವುದು ಲೇಸು.

ಹೊಸ ಸೈಕಲ್ಲೇ ಬೇಕೆಂದಿಲ್ಲ. 2006-07ರಿಂದ ಹಲವು ವರ್ಷ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡಿತು. ಮಕ್ಕಳು ಓದು ಮುಗಿಸಿ ಹೋದ ಮನೆಯ ಕೊಟ್ಟಿಗೆಯಲ್ಲಿ ಅಂಥದೊಂದು ಉಳಿದಿದ್ದರೆ ಚೈನಿಗೆ ಎಣ್ಣೆ ಹಾಕಿ, ಟೈರು, ಬ್ರೇಕು ಸರಿಪಡಿಸಿದರಾಯಿತು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ; ಆ ಹೊರೆಯೂ ಅಷ್ಟು ತಗ್ಗೀತು.

ನಿಜವಾದ ಅಡ್ಡಿ ಸಂಕೋಚ. ‘ಈ ವಯಸ್ಸಿನಲ್ಲಿ ಸೈಕಲ್ಲೇ? ಬೈಕು ಮಾರಿದರೇ?’ ಎಂಬ ಮಾತಿಗೆ ಅಂಜಿ ಕುಳಿತವರು ಕೊನೆಗೆ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಕಾದೀತು. ತಾಯಂದಿರಿಗಂತೂ ಈ ಅಂಜಿಕೆ ಇಮ್ಮಡಿ. ವಿದ್ಯಾರ್ಥಿಗಳೇ, ನಗುವವರೊಡನೆ ನೀವು ನಗಬೇಡಿ. ನಿಮಗೆ ಸವಾರಿ ಕಲಿಸಲು ಸೀಟು ಹಿಡಿದು ಹಿಂದೆ ಓಡಿ ಬಂದವರು ಅವರೇ. ನಾಳೆ ಬೆಳಿಗ್ಗೆ ಅವರ ಸೀಟನ್ನು ನೀವು ಹಿಡಿಯಿರಿ.